ಬೆಚ್ಚಗಿದ್ದ ರಟ್ಟಿನ ಬಣವೆ

ಆ ಆಷಾಢದಲ್ಲಿ ನಮ್ಮ ರಟ್ಟಿನ ಮಿಲ್ಲಿನ ಹೆಂಗಸರಿಗೆ ಒಂದು ಹೊಸ ಸುಖ ಸಿಕ್ಕಿತ್ತು. ಮಧ್ಯಾಹ್ನ ಗಂಟೆ ಬಾರಿಸಿದ ಕೂಡಲೇ ಬುತ್ತಿ ಹಿಡಿದು ಗೋದಾಮಿಗೆ ಹೋಗಿ, ಅಲ್ಲಿ ಆಳೆತ್ತರಕ್ಕೆ ಪೇರಿಸಿದ್ದ ರಟ್ಟಿನ ರಾಶಿಗೆ ಬೆನ್ನು ಕೊಟ್ಟು ಕೂರುವುದು. ಹೊರಗೆ ಬೀಸುಗಾಳಿ, ಅದರ ಜೊತೆ ಮುಖಕ್ಕೆ ಚುಚ್ಚುವ ತುಂತುರು. ಒಳಗೆ ಆ ರಾಶಿ ಮಾತ್ರ ಬೆಚ್ಚಗೆ, ಮಲಗಿದ ಎಮ್ಮೆಯ ಮಗ್ಗುಲಿನ ಹಾಗೆ. ಎಲ್ಲರಿಗಿಂತ ಮೊದಲು ಹೋಗಿ ನಡುವಿನ ಜಾಗ ಹಿಡಿಯುತ್ತಿದ್ದವಳು ನನ್ನ ದೊಡ್ಡಮ್ಮ.

"ನಿನ್ನ ಆಫೀಸಿನ ಕುರ್ಚಿಗಿಂತ ಇದು ವಾಸಿ ಕಣೇ. ಬಾ, ಕುಂತ್ಕ," ಎಂದು ನನ್ನನ್ನೂ ಕರೆಯುತ್ತಿದ್ದಳು.

ನಾನೂ ಎಷ್ಟೋ ಸಲ ಹೋಗಿ ಕೂತಿದ್ದೇನೆ, ರೊಟ್ಟಿ ಮುರಿದು ತಿಂದಿದ್ದೇನೆ, ತೂಕಡಿಸಿದ್ದೇನೆ. ಈಗ ನೆನೆದರೆ ಬೆನ್ನು ಜುಮ್ಮೆನ್ನುತ್ತದೆ. ರಟ್ಟು ತಾನಾಗಿ ಬೆಚ್ಚಗಾಗುವ ವಸ್ತುವಲ್ಲ. ಅಷ್ಟು ಜನ ಅದಕ್ಕೆ ಒರಗಿ ಕೂತೆವಲ್ಲ, ಈ ಬಿಸಿ ಎಲ್ಲಿಂದ ಬರುತ್ತಿದೆ ಎಂದು ಕೇಳಿದವಳು ದೊಡ್ಡಮ್ಮ ಒಬ್ಬಳೇ. ಅವಳಿಗೆ ಉತ್ತರವೂ ಸಿಕ್ಕಿತ್ತು. ಆ ಉತ್ತರವೇ ತಪ್ಪಾಗಿತ್ತು.

ಮಿಲ್ಲು ಇರುವುದು ಐಮಂಗಲಕ್ಕೂ ಹಿರಿಯೂರಿಗೂ ನಡುವೆ, ಹೆದ್ದಾರಿಯ ಮಗ್ಗುಲಲ್ಲಿ. ರದ್ದಿ ಕಾಗದವನ್ನು ನೀರಲ್ಲಿ ಕಲೆಸಿ ಗಂಜಿ ಮಾಡಿ, ಹಾಳೆ ಎತ್ತಿ, ರೋಲಿಗೆ ಕೊಟ್ಟು ಹಿಂಡಿ ಬೂದು ಬಣ್ಣದ ದಪ್ಪ ರಟ್ಟು ಮಾಡುತ್ತಾರೆ. ದಾವಣಗೆರೆಯ ಸೀರೆ ಡಬ್ಬಿಗೆ, ನೋಟ್‌ಬುಕ್ಕಿನ ಬೈಂಡಿಗೆ, ಸ್ವೀಟ್ ಅಂಗಡಿಯ ಪೆಟ್ಟಿಗೆಗೆ ಹೋಗುವ ರಟ್ಟು. ಹಿಂಡಿದ ಮೇಲೂ ಅದು ಹಸಿಯಾಗಿಯೇ ಇರುತ್ತದೆ. ಅದನ್ನು ಒಣಗಿಸಲು ಮಿಲ್ಲಿನ ಹಿಂದೆ ದೊಡ್ಡ ಬಯಲಿದೆ. ಕೆಲಸಕ್ಕೆ ಬರುವವರೆಲ್ಲ ಒಕ್ಕಲು ಮನೆಯ ಹೆಂಗಸರು, ಅವರ ಬಾಯಲ್ಲಿ ಅದು ಕಣ. ಹೆಸರಿಗೆ ಮಾತ್ರವಲ್ಲ, ನಡತೆಯಲ್ಲೂ ಕಣವೇ. ಚಪ್ಪಲಿ ಬೇಲಿಯಾಚೆ ಬಿಡಬೇಕು. ಒಣಗಿದ ರಟ್ಟನ್ನು ಎಣಿಸುವಾಗ ರಾಗಿ ಅಳೆದ ಹಾಗೆ, ಒಂದು ಅನ್ನುವ ಬದಲು "ಲಾಭ" ಎಂದು ಶುರು ಮಾಡಬೇಕು. ಪೇರಿಸಿದ ರಟ್ಟಿನ ರಾಶಿಗೆ ಬಣವೆ ಎನ್ನಬೇಕು. ಹೊಸದಾಗಿ ಬಂದವರು ಸ್ಟಾಕು, ಲಾಟು ಅಂದರೆ ದೊಡ್ಡಮ್ಮ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಆ ಕಣದ ಯಜಮಾನಿಕೆ ದೊಡ್ಡಮ್ಮನದು. ಮಕ್ಕಳಿಲ್ಲದ ಅವಳು ರಾಮಗಿರಿಯಿಂದ ನನ್ನನ್ನು ಚಿಕ್ಕಂದಿನಲ್ಲೇ ಕರೆತಂದು ಐಮಂಗಲದಲ್ಲಿ ಸಾಕಿದವಳು. ನನ್ನ ಬಿ.ಕಾಂ. ಮುಗಿದಾಗ ಮಿಲ್ಲಿನ ಸಾವ್ಕಾರರ ಮುಂದೆ ನಿಲ್ಲಿಸಿ, "ಲೆಕ್ಕ ಓದೈತೆ ನಮ್ ಹುಡ್ಗಿ, ಇಟ್ಕಳ್ರಿ" ಎಂದು ಕೆಲಸ ಕೊಡಿಸಿದವಳೂ ಅವಳೇ. ನನ್ನ ಕೆಲಸ ಖರ್ಚಿನ ಲೆಕ್ಕ. ಒಂದು ಟನ್ನು ರಟ್ಟಿಗೆ ರದ್ದಿ ಎಷ್ಟು, ಕೂಲಿ ಎಷ್ಟು, ಕರೆಂಟು ಎಷ್ಟು ಎಂದು ತೆಗೆದು ಕೊಡುವುದು.

ರಟ್ಟು ಒಣಗಿದೆಯೋ ಇಲ್ಲವೋ ಹೇಳುವವಳು ದೊಡ್ಡಮ್ಮ. ಅದಕ್ಕೆ ಅವಳ ಹತ್ತಿರ ಇದ್ದ ಸಾಧನ ಅವಳ ಬಲಗೆನ್ನೆ. ಕಣ್ಣು ಮುಚ್ಚಿ ರಟ್ಟನ್ನು ಕೆನ್ನೆಗೆ ಒತ್ತುವಳು. ತಣ್ಣಗಿದ್ದರೆ ಒಳಗೆ ನೀರಿದೆ, ಮಣ್ಣಿನ ಗಡಿಗೆ ತಣ್ಣಗಿರುವ ಹಾಗೆ. ಬೆಚ್ಚಗಿದ್ದರೆ ಒಣಗಿದೆ. ಕೈಯಲ್ಲಿ ಯಾಕೆ ನೋಡಬಾರದು ಎಂದು ನಾನು ಕೇಳಿದ್ದಕ್ಕೆ ತನ್ನ ಅಂಗೈ ಚಾಚಿ ತೋರಿಸಿದಳು.

"ಇದು ಜಡ್ಡುಗಟ್ಟೈತೆ, ಸುಳ್ಳು ಹೇಳ್ತೈತೆ. ಕೆನ್ನೆ ಹೇಳಲ್ಲ."

ನಿಜಕ್ಕೂ ಹೇಳುತ್ತಿರಲಿಲ್ಲ. ಅವಳು ಪಾಸು ಮಾಡಿದ ರಟ್ಟು ಹಸಿಯೆಂದು ವಾಪಸು ಬಂದದ್ದನ್ನು ನಾನು ನೋಡಿರಲಿಲ್ಲ.

ಈ ಧಂದೆಯ ಒಂದು ಸತ್ಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಗದವಾಗಲಿ ರಟ್ಟಾಗಲಿ, ಅದರ ವ್ಯಾಪಾರವೆಲ್ಲ ನೀರಿನ ವ್ಯಾಪಾರ. ಮೊದಲು ಸೇರಿಸುತ್ತೀರಿ, ಆಮೇಲೆ ತೆಗೆಯುತ್ತೀರಿ. ಸೇರಿಸುವುದಕ್ಕೆ ಖರ್ಚಿಲ್ಲ, ತೆಗೆಯುವುದರಲ್ಲೇ ಮಿಲ್ಲು ಬದುಕುವುದು ಅಥವಾ ಮುಳುಗುವುದು. ಹಿಂಡಿ ತೆಗೆದ ನೀರು ಅಗ್ಗ. ಬಿಸಿಲು, ಗಾಳಿ ತೆಗೆದ ನೀರು ಪುಕ್ಕಟೆ. ಆದರೆ ರಟ್ಟಿನ ಹೊಟ್ಟೆಯಲ್ಲಿ ಕಡೆಗೆ ಉಳಿಯುತ್ತದಲ್ಲ ಸ್ವಲ್ಪ ನೀರು, ಅದು ಬಹಳ ಹಟಮಾರಿ. ಬಿಸಿಲಿನ ದಿನಗಳಲ್ಲಿ ಅದೂ ಹೋಗುತ್ತಿತ್ತು. ನಮ್ಮ ಸೀಮೆಯಲ್ಲಿ ಬಿಸಿಲಿಗೂ ಗಾಳಿಗೂ ಬರವಿಲ್ಲ, ಗುಡ್ಡದ ಮೇಲೆ ನಿಂತ ಗಾಳಿಯಂತ್ರಗಳನ್ನು ಕೇಳಿದರೆ ಅವೇ ಹೇಳುತ್ತವೆ. ನನ್ನ ಖರ್ಚಿನ ಹಾಳೆಯಲ್ಲಿ ಬಿಸಿಲಿಗೆ ಒಂದು ಕಲಂ ಕೂಡ ಇರಲಿಲ್ಲ. ದುಡ್ಡು ಕೊಟ್ಟರೆ ತಾನೇ ಬರೆಯುವುದು.

ಆಮೇಲೆ, ಆ ಆಷಾಢಕ್ಕೆ ಹಿಂದಿನ ವರ್ಷ, ಮಳೆ ಬಂತು. ಮಳೆಗಾಗಿ ಬಾಯಿ ಬಿಡುವ ಜಿಲ್ಲೆ ನಮ್ಮದು, ಮಳೆಯನ್ನು ಬೈದರೆ ನಾಲಿಗೆ ಸೇದಿಹೋಗಲಿ ಅನ್ನುವ ಜನ. ಆದರೆ ಕಾರ್ತಿಕದಲ್ಲಿ, ಕಾಳು ಒಕ್ಕುವ ಹೊತ್ತಿನಲ್ಲಿ, ಹಿಡಿದ ಮಳೆ ಬಿಡಲೇ ಇಲ್ಲ. ಊರವರು ಕೆರೆ ತುಂಬಿತೆಂದು ಹಿಗ್ಗುತ್ತಿದ್ದರೆ ನಮ್ಮ ಕಣದಲ್ಲಿ ಹರವಿದ್ದ ರಟ್ಟು ಮತ್ತೆ ಗಂಜಿಯಾಗಿ ಕರಗಿ ಹರಿಯಿತು. ದಾವಣಗೆರೆಯ ದೊಡ್ಡ ಗಿರಾಕಿ ಕೈಬಿಟ್ಟುಹೋದ. ಸಾವ್ಕಾರರು ಚಿತ್ರದುರ್ಗದವರು, ತಲೆಮಾರಿನಿಂದ ವ್ಯಾಪಾರಸ್ಥ ಮನೆ, ಹಣೆಯ ಮೇಲೆ ವಿಭೂತಿ ತಪ್ಪಿಸಿದವರಲ್ಲ. ಸಿಟ್ಟು ಬಂದರೂ ದನಿ ಎತ್ತುವವರಲ್ಲ. ಅವರು ಕಣದ ಕೆಸರಲ್ಲಿ ನಿಂತು, "ಮೋಡ ನಂಬ್ಕಂಡು ವ್ಯಾಪಾರ ಮಾಡಾಕಾಗಲ್ಲಮ್ಮ," ಎಂದಷ್ಟೇ ಹೇಳಿ ಹೊರಟುಹೋದರು. ಅವರು ಸುಮ್ಮನಾದರೆ ಏನೋ ಬರುತ್ತಿದೆ ಎಂದೇ ಅರ್ಥ.

ಬೇಸಿಗೆ ಮೊದಲಾಗುವ ಹೊತ್ತಿಗೆ ಬಂತು. ಎಲ್ಲೋ ಉತ್ತರದ ಕಡೆ ಮುಚ್ಚಿದ ಕಾರ್ಖಾನೆಯೊಂದರಿಂದ ಕೊಂಡ ಹಳೆಯ ಮೈಕ್ರೋವೇವ್ ಯಂತ್ರ. ಉದ್ದನೆಯ ಉಕ್ಕಿನ ಸುರಂಗ, ಒಳಗೆ ಓಡುವ ಬೆಲ್ಟು. ಒಂದು ಕಡೆಯಿಂದ ಹಸಿ ರಟ್ಟು ಹೋದರೆ ಇನ್ನೊಂದು ಕಡೆ ಒಣಗಿ ಬರಬೇಕು. ಪೂಜೆಯ ದಿನ ದೊಡ್ಡಮ್ಮ ಕುಂಕುಮದ ಬಟ್ಟಲು ಹಿಡಿದು ಯಂತ್ರದ ಸುತ್ತ ಒಂದು ಸುತ್ತು ಬಂದಳು.

"ಉರಿ ಎಲ್ಲೈತೆ?"

"ಉರಿ ಇಲ್ಲ ದೊಡ್ಡಮ್ಮ. ಕರೆಂಟಿನ ಅಲೆ. ಕಣ್ಣಿಗೆ ಕಾಣಲ್ಲ."

"ಉರಿ ಇಲ್ದ ಒಲೆಗೆ ಎಲ್ಲಿಗೆ ಅಂತ ಕುಂಕುಮ ಹಚ್ಲಿ?" ಎಂದು ಗೊಣಗಿ ಸ್ವಿಚ್ಚಿನ ಪೆಟ್ಟಿಗೆಗೆ ಹಚ್ಚಿ ಬಂದಳು. ಅಂದಿನಿಂದ ಹೆಂಗಸರೆಲ್ಲ ಅದನ್ನು ಉರಿ ಇಲ್ಲದ ಒಲೆ ಎಂದೇ ಕರೆದರು.

ಯಂತ್ರ ಕೂರಿಸಲು ಬೆಂಗಳೂರಿನಿಂದ ಒಬ್ಬ ಇಂಜಿನಿಯರು ಬಂದಿದ್ದ. ಒಳ್ಳೆಯ ಹುಡುಗ, ಮಾತು ಸ್ವಲ್ಪ ವೇಗ. ನನ್ನ ಮೇಜಿನ ಮುಂದೆ ಕೂತು ಅದರ ಲಾಭನಷ್ಟ ಬಿಡಿಸಿ ಹೇಳಿದ. ಸಾಮಾನ್ಯ ಒಲೆ ಹೊರಗಿನಿಂದ ಒಳಕ್ಕೆ ಕಾಯಿಸುತ್ತದೆ, ಇದು ನೀರಿರುವ ಜಾಗವನ್ನೇ ಹುಡುಕಿಕೊಂಡು ಹೋಗಿ ಒಳಗೇ ಕಾಯಿಸುತ್ತದೆ. ಹಾಗಾಗಿ ಆ ಹಟಮಾರಿ ನೀರಿಗೆ ಇದು ಸರಿ. ಆದರೆ ಪೂರ್ತಿ ನೀರನ್ನು ಇದರಲ್ಲೇ ತೆಗೆಯಲು ಹೋದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಕರೆಂಟಿನಲ್ಲಿ ದೊಡ್ಡ ಪಾಲು ಅಲೆಯಾಗುವ ಮೊದಲೇ ದಾರಿಯಲ್ಲಿ ಸೋರಿಹೋಗುತ್ತದೆ, ಅಲೆ ಹುಟ್ಟಿಸುವ ಟ್ಯೂಬುಗಳು ಸವೆಯುತ್ತವೆ, ಹೊಸದು ದುಬಾರಿ. "ಮುಕ್ಕಾಲು ಕೆಲಸ ನಿಮ್ಮ ಗಾಳೀನೇ ಮಾಡ್ಲಿ ಮೇಡಂ, ಕೊನೇದು ಮಾತ್ರ ಇದಕ್ಕೆ ಕೊಡಿ," ಎಂದ. ಒಂದೊಂದೇ ರಟ್ಟು ಬಿಡಬೇಕು, ಹೊರಗೆ ಬಂದ ಮೇಲೆ ಬಿಡಿಬಿಡಿಯಾಗಿ ನಿಲ್ಲಿಸಿ ಆರಿಸಬೇಕು, ಒಳಗಿನ ಬಿಸಿ ಹೊರಗೆ ಗೊತ್ತಾಗುವುದಿಲ್ಲ ಎಂದು ಸಾವ್ಕಾರರಿಗೂ ಯಂತ್ರ ಓಡಿಸುವವನಿಗೂ ಹೇಳಿದ. ಕಣದ ಹೆಂಗಸರಿಗೆ ಯಾರೂ ಹೇಳಲಿಲ್ಲ. ಅವರು ಯಂತ್ರದ ಜನ ಅಲ್ಲವಲ್ಲ.

ಅಷ್ಟರಲ್ಲಿ ಕಣ ಮುಚ್ಚುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ದೊಡ್ಡಮ್ಮ ಸೀದಾ ಸಾವ್ಕಾರರ ಮುಂದೆ ಹೋಗಿ ನಿಂತಳು. ನಾನು ಅಲ್ಲೇ ಇದ್ದೆ.

"ಸಾವ್ಕಾರ್ರೇ, ಬಿಸ್ಲು ಇದ್ದಾಗ ಕಣ ಇರ್ಲಿ. ಮಳೆಗಾಲ್ದಾಗೆ ನಮ್ ಹೆಂಗಸ್ರೇ ಮಿಷಿನ್ನಿಗೆ ರಟ್ಟು ಕೊಡ್ತಾರೆ, ತಗೀತಾರೆ. ಯಾರ್ನೂ ಬಿಡಿಸ್ಬ್ಯಾಡ್ರಿ."

ಸಾವ್ಕಾರರು ಮುಂದಿದ್ದ ಪುಸ್ತಕ ಮುಚ್ಚಿದರು. "ಆತು ಕಣವ್ವ. ನೀನೇ ನೋಡಿ ಪಾಸ್ ಮಾಡು. ಆದ್ರೆ ಒಂದು ರಟ್ಟು ಹಸಿ ಅಂತ ವಾಪಸ್ ಬಂದ್ರೂ ಕಣ ಬಂದ್. ಆಮ್ಯಾಲೆ ನನ್ನ ಕೇಳ್ಬ್ಯಾಡ."

ದೊಡ್ಡಮ್ಮ ಕೈಮುಗಿದು ಹೊರಬಂದಳು. ಅವಳ ಮುಖದಲ್ಲಿ ಗೆದ್ದ ಕಳೆಯಿತ್ತು. ನನಗೆ ಮಾತ್ರ ಆ ಮಾತು ಸರಿಬೀಳಲಿಲ್ಲ. ಅಷ್ಟು ಹೆಂಗಸರ ಅನ್ನವನ್ನು ಒಬ್ಬಳ ಕೆನ್ನೆಯ ಮೇಲೆ ಇಟ್ಟುಬಿಟ್ಟಿದ್ದರು.

ಆಷಾಢ ಬಂತು. ಮೋಡ ಮುಚ್ಚಿತು. ಕಣ ಖಾಲಿಯಾಗಿ ಯಂತ್ರ ಶುರುವಾಯಿತು. ಶುರುವಿನಲ್ಲೇ ಲೆಕ್ಕ ಕೈಕೊಟ್ಟಿತು. ಯಂತ್ರ ಓಡಲಿ ಬಿಡಲಿ, ಅಷ್ಟು ಕರೆಂಟು ನಮಗೆಂದು ಕಾದಿರಿಸಿದ್ದಕ್ಕೆ ತಿಂಗಳ ಶುಲ್ಕ ಕಟ್ಟಲೇಬೇಕು. ಸಾವ್ಕಾರರಿಗೆ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. "ನಿಂತ ಮಿಷಿನ್ನು ಮನೇಲಿ ಕುಂತ ಅಳಿಯ ಇದ್ದಂಗಮ್ಮ. ಉಣ್ಣಾದು ಬಿಡಲ್ಲ," ಎಂದರು. ಹಾಗಾಗಿ ನಿಲ್ಲಿಸದೆ ಓಡಿಸಿದರು. ಗಾಳಿಗೆ ಅರೆಬರೆ ಒಣಗಿಸಲು ಕಾಯುವಷ್ಟು ವ್ಯವಧಾನ ಇರಲಿಲ್ಲ, ಹಸಿಯದನ್ನೇ ಕೊಟ್ಟರು. ಒಂದೊಂದೇ ರಟ್ಟು ಬಿಟ್ಟರೆ ಸುರಂಗದಲ್ಲಿ ಖಾಲಿ ಜಾಗವೇ ಜಾಸ್ತಿ, ಕರೆಂಟು ದಂಡ. ಅದಕ್ಕೆ ಹತ್ತಾರು ರಟ್ಟು ಒಂದರ ಮೇಲೊಂದು ಇಟ್ಟು ಕಟ್ಟು ಮಾಡಿ ಬಿಟ್ಟರು. ಬಂದ ಕಟ್ಟನ್ನು ಬಿಡಿಸಿ ಆರಿಸಲು ಜಾಗವೂ ಬೇಕು, ಕೈಯೂ ಬೇಕು. "ಕೈಗೆ ತಣ್ಣಗೈತಲ್ಲ, ಇನ್ನೇನು ಆರಿಸಾದು?" ಎಂದು ಅದನ್ನೂ ಬಿಟ್ಟರು. ಇದರಲ್ಲಿ ಒಂದೊಂದನ್ನೂ ಹಾಳೆಯ ಮೇಲೆ ಇಟ್ಟು ನೋಡಿದರೆ ಉಳಿತಾಯವೇ. ನಾನೇ ನೋಡಿದ್ದೇನೆ, ಲೆಕ್ಕದಲ್ಲಿ ತಪ್ಪಿರಲಿಲ್ಲ.

ಕಟ್ಟು ಹೊರಬರುವ ಬಾಯಿಯಲ್ಲಿ ದೊಡ್ಡಮ್ಮ ಕೂರುತ್ತಿದ್ದಳು. ಸುರಂಗದೊಳಗೆ ಹಬೆ ಹೊರದೂಡಲು ಫ್ಯಾನು ಬೀಸುತ್ತದೆ, ಹಾಗಾಗಿ ಕಟ್ಟಿನ ಮೇಲಿನ ರಟ್ಟು ತಣ್ಣಗಿರುತ್ತದೆ, ನಡುವಿನದು ಕುದಿಯುತ್ತಿದ್ದರೂ. ದೊಡ್ಡಮ್ಮ ಮೇಲಿನದನ್ನು ಕೆನ್ನೆಗೆ ಒತ್ತುವಳು. ತಣ್ಣಗಿದೆ. ತಣ್ಣಗಿದ್ದರೆ ಹಸಿ. ಬಿಸಿಲು ಹೊರಗಿನಿಂದ ಒಳಕ್ಕೆ ಒಣಗಿಸುತ್ತದೆ, ಹೊರಗೇ ಹಸಿಯಿದ್ದರೆ ಒಳಗಿನ ಮಾತೇನು.

"ಇನ್ನೊಂದು ಸಲ ಹಾಕ್ರಿ."

ಒಣಗಿದ ಕಟ್ಟು ಮತ್ತೆ ಸುರಂಗದೊಳಕ್ಕೆ ಹೋಗುತ್ತಿತ್ತು. ರದ್ದಿಯಲ್ಲಿ ಉಳಿದ ಸ್ಟೇಪಲ್ ಪಿನ್ನುಗಳು ಆ ಅಲೆಗೆ ಒಳಗೇ ಕಾದು ಸುಡುತ್ತಿದ್ದವು. ಹೊರಗೆ ಬಂದ ಕಟ್ಟುಗಳು ಹಾಗೇ ಹೋಗಿ ಬಣವೆ ಸೇರುತ್ತಿದ್ದವು. ಬಣವೆ ಬೆಚ್ಚಗಾಗತೊಡಗಿತು. ಹೆಂಗಸರಿಗೆ ಸುಖವಾಯಿತು.

ಬಿಸಿ ಯಾಕೆ ಎಂದು ದೊಡ್ಡಮ್ಮ ಕೇಳಿಕೊಂಡದ್ದು ಆಗಲೇ. ಹುಟ್ಟಿದಾಗಿನಿಂದ ಹುಲ್ಲಿನ ಬಣವೆ ಒಟ್ಟಿದವಳು ಅವಳು. ಹಸಿ ಹುಲ್ಲು ಒಟ್ಟಿದರೆ ಬಣವೆ ಒಳಗೊಳಗೇ ಕಾವು ಏರಿ ಕಪ್ಪಗಾಗುತ್ತದೆ, ನಮ್ಮ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಒಂದು ಮಧ್ಯಾಹ್ನ ನನ್ನ ಪಕ್ಕದಲ್ಲಿ ಒರಗಿ ಕೂತವಳು ತಿನ್ನುವುದನ್ನು ನಿಲ್ಲಿಸಿ ಹಿಂದೆ ಕೈಯಿಟ್ಟು ಮುಟ್ಟಿದಳು.

"ಲೇ, ಇದರೊಳಗೆ ಹಸಿ ಐತೆ ಕಣೇ. ಅದಕ್ಕೇ ಬೆಚ್ಚಗಾಗೈತೆ. ನಾನು ಎಲ್ಲೋ ಸರಿಯಾಗಿ ನೋಡಿಲ್ಲ."

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಒಂದು ರಟ್ಟು ಹಸಿ ಹೋದರೆ ಕಣ ಹೋಯಿತು. ಎರಡನೇ ಸಲ ಹೋದ ಕಟ್ಟನ್ನು ಮೂರನೇ ಸಲ ಕಳಿಸಿದಳು. ಎಷ್ಟು ಕಳಿಸಿದರೂ ಬಣವೆಯ ಬಿಸಿ ಏರಿತೇ ಹೊರತು ಇಳಿಯಲಿಲ್ಲ. ಏರಿದಷ್ಟೂ ಇನ್ನೂ ಹಸಿಯಿದೆ ಎಂದು ಅವಳ ಲೆಕ್ಕ. ಗೋದಾಮಿನಲ್ಲಿ ಒಂದು ವಾಸನೆಯೂ ಸುಳಿಯತೊಡಗಿತು, ಕಡಲೆಬೀಜ ಹುರಿದ ಹಾಗೆ, ಸಿಹಿಯಾಗಿ. ಹೆಂಗಸರು ಒಬ್ಬರ ಮಡಿಲು ಒಬ್ಬರು ತಡಕಿ, "ಯಾರ್ಲೇ ಕಡ್ಲೆಬೀಜ ಬಚ್ಚಿಟ್ಕಂಡಿರಾದು?" ಎಂದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು.

ಆಫೀಸಿನಲ್ಲಿ ನನ್ನ ಹಾಳೆಯ ಮೇಲೆ ಕರೆಂಟಿನ ಖರ್ಚು ಏರುತ್ತಿತ್ತು, ಹೊರಹೋಗುವ ಮಾಲು ಅಷ್ಟೇ. ಇಷ್ಟು ಕರೆಂಟು ಎಲ್ಲಿ ಹೋಗುತ್ತಿದೆ ಎಂದು ತಲೆ ಚಿಟ್ಟು ಹಿಡಿಯಿತು. ಬಿಸಿ ಎಂಬುದು ಗಾಳಿಯಲ್ಲಿ ಕರಗಿಹೋಗುವ ವಸ್ತುವಲ್ಲ, ಖರ್ಚು ಮಾಡಿದ್ದು ಎಲ್ಲೋ ಒಂದು ಕಡೆ ಕೂತಿರಲೇಬೇಕು.

ಒಂದು ಬೆಳಿಗ್ಗೆ ಮನೆಯಿಂದ ಹೊರಡುವಾಗ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಾ ಹೇಳಿದಳು.

"ಇವತ್ತು ಮಧ್ಯಾಹ್ನ ಬಣವೆ ಬಿಚ್ಚಿ ಹರವಾಣ ಅಂತಿದೀನಿ. ಗಾಳಿ ಚೆನ್ನಾಗೈತೆ. ಒಳಗಿನ ಹಸಿ ಆರ್ಲಿ, ಆಮ್ಯಾಲೆ ಮತ್ತೆ ಮಿಷಿನ್ನಿಗೆ ಹಾಕಾಣ."

"ಎಲ್ಲಾನೂ ಮತ್ತೆ ಹಾಕಿದ್ರೆ ಕರೆಂಟಿಗೆ ಎಷ್ಟಾಗ್ತೈತೆ ಗೊತ್ತೇನು?"

"ಕಣ ಹೋದ್ರೆ ಎಷ್ಟಾಗ್ತೈತೆ, ಅದ್ನ ಬರ್ಕ ನಿನ್ನ ಹಾಳೇಲಿ," ಎಂದು ಮುಖ ತಿರುಗಿಸಿ ಮುಂದೆ ನಡೆದಳು. ಜಗಳಗಂಟಿ. ನಾನೂ ಅವಳು ಸಾಕಿದವಳೇ, ದಾರಿಯುದ್ದಕ್ಕೂ ಮಾತಾಡಲಿಲ್ಲ.

ಸಾವ್ಕಾರರಿಗೆ ಫೋನು ಮಾಡಿದೆ. "ಬಿಚ್ಚಲಿ ಬಿಡಮ್ಮ, ಹಸಿ ಮಾಲು ಹೋದ್ರೆ ಇರೋ ಗಿರಾಕೀನೂ ಹೋಗ್ತಾನೆ. ಗಾಳಿ ಬಂದಾಗ ತೂರ್ಕಬೇಕು," ಎಂದರು. ನನಗೆ ಸಮಾಧಾನವಾಗಲಿಲ್ಲ. ಅಷ್ಟು ಮಾಲನ್ನು ಮತ್ತೆ ಒಣಗಿಸುವುದಕ್ಕಿಂತ ಕರಗಿಸಿ ಹೊಸದಾಗಿ ಮಾಡುವುದೇ ಅಗ್ಗವಿರಬಹುದೇ ಎಂದು ಕೇಳಲು ಬೆಂಗಳೂರಿನ ಆ ಇಂಜಿನಿಯರಿಗೆ ಫೋನು ಹಚ್ಚಿದೆ. ಬೆಳಗಿನಿಂದ ಹಿಡಿಯದವನು ಊಟದ ಗಂಟೆ ಬಾರಿಸುವ ಹೊತ್ತಿಗೆ ಹಿಡಿದ. ಖರ್ಚಿನ ವಿಷಯ ಹೇಳಿದೆ, ಕಟ್ಟುಗಳ ವಿಷಯ ಹೇಳಿದೆ, ಎರಡು ಸಲ ಮೂರು ಸಲ ಹಾಕುವ ವಿಷಯ ಹೇಳಿದೆ. ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಬಣವೆ ಬೆಚ್ಚಗಿದೆ ಎಂದಾಗ ನಡುವೆ ತಡೆದು ಕೇಳಿದ.

"ಎಷ್ಟು ದಿನದಿಂದ?"

"ತುಂಬಾ ದಿನ ಆತು. ಹೆಂಗಸ್ರು ಒರಗ್ಕಂಡು ಊಟ ಮಾಡ್ತಾರೆ."

"ಮೇಡಂ, ವಾಸನೆ ಏನಾದ್ರೂ ಇದೆಯಾ?"

ಕಡಲೆಬೀಜ ಎಂದೆ.

"ಅದನ್ನ ಬಿಚ್ಚಬೇಡಿ. ಒಳಗೆ ಗಾಳಿ ಹೋಗಬಾರದು. ಎಲ್ಲರನ್ನೂ ಹೊರಗೆ ಕಳಿಸಿ, ಈಗ್ಲೇ."

ಬೂದಿ ಮುಚ್ಚಿದ ಕೆಂಡ ಎಂದು ಎಷ್ಟು ಸಲ ಸುಮ್ಮನೆ ಆಡಿದ್ದೇನೋ. ಅದಕ್ಕೆ ಬೆನ್ನು ಕೊಟ್ಟು ಊಟ ಮಾಡಿದ್ದೆವು. ನಾನು ಚಪ್ಪಲಿ ಮೆಟ್ಟದೆ ಓಡಿದೆ.

ಹುಲ್ಲಿನ ಬಣವೆಯನ್ನು ಗಾಳಿ ಬರುವ ಮಗ್ಗುಲಿಂದ ಬಿಚ್ಚಬೇಕು. ಅದು ಕ್ರಮ. ದೊಡ್ಡಮ್ಮ ಆ ಕ್ರಮದಂತೆಯೇ ಪಡುವಣದ ಶಟರನ್ನು ಪೂರ್ತಿ ಎತ್ತಿಸಿದ್ದಳು. ಆಷಾಢದ ಗಾಳಿ ಗೋದಾಮಿನೊಳಕ್ಕೆ ನುಗ್ಗುತ್ತಿತ್ತು. ನಾನು ಬಾಗಿಲಿಗೆ ಬರುವಾಗ ಮೇಲಿನ ಅರ್ಧ ಇಳಿಸಿ ಆಗಿತ್ತು, ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕಟ್ಟು ದಾಟಿಸುತ್ತಿದ್ದರು. ದೊಡ್ಡಮ್ಮ ನಡುವಿಗೆ ಕೈಹಾಕಿ ಒಂದು ಕಟ್ಟು ಎಳೆದುಕೊಂಡಳು. ಅದರ ಅಂಚು ರೊಟ್ಟಿಯ ಹಾಗೆ ಕಂದಿತ್ತು. ಜಡ್ಡುಗಟ್ಟಿದ ಅವಳ ಕೈಗೆ ಏನೂ ತಿಳಿಯಲಿಲ್ಲ. ಯಾವಾಗಲೂ ಮಾಡುವಂತೆ ಕಣ್ಣು ಮುಚ್ಚಿದಳು.

"ದೊಡ್ಡಮ್ಮ, ಬಿಡು ಅದ್ನ," ಎಂದು ಕೂಗಿದೆ. ಗಾಳಿಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಅವಳು ಕಟ್ಟನ್ನು ಬಲಗೆನ್ನೆಗೆ ಒತ್ತಿದಳು. ಒತ್ತಿದ ರಭಸಕ್ಕೆ ಒಳಗೆ ಟೊಳ್ಳಾಗಿದ್ದ ಕಟ್ಟು ಮುರಿದು ಬಾಯ್ತೆರೆಯಿತು. ಒಳಗೆ ಎಲ್ಲ ಕೆಂಪಗಿತ್ತು. ಗಾಳಿ ತಗುಲಿದ್ದೇ ತಡ ಅವಳ ಮುಖದ ಮೇಲೆ ಉರಿ ಎದ್ದಿತು, ಅವಳ ಹಿಂದೆ ಬಣವೆಯ ಹೊಟ್ಟೆಯಿಂದಲೂ ಎದ್ದಿತು. ಕಂಡೇ ಇರದಿದ್ದ ಉರಿ ಅಷ್ಟೂ ಒಮ್ಮೆಗೇ ಕಂಡಿತು.

ಅವಳು ಕಿರುಚಲಿಲ್ಲ. "ಹೊರಗೆ ಹೋಗ್ರಿ, ಎಲ್ರೂ ಹೊರಗೆ ಹೋಗ್ರಿ," ಎಂದು ಹೆಂಗಸರನ್ನು ತಳ್ಳುತ್ತಲೇ ಇದ್ದಳು. ನಾನೂ ಇನ್ನೊಬ್ಬಳೂ ಸೇರಿ ಅವಳನ್ನು ಎಳೆದುಕೊಂಡು ಬಂದು ಕಣದ ಕೆಸರಲ್ಲಿ ಕೂರಿಸಿ ನೀರು ಹೊಯ್ದೆವು. ಹಿರಿಯೂರಿನಿಂದ ನೀರಿನ ಗಾಡಿ ಬರುವ ಹೊತ್ತಿಗೆ ಗೋದಾಮಿನ ಸೂರು ಕುಸಿದಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ, ಅದು ಅವಳು ತಳ್ಳಿದ್ದರಿಂದಲೇ. ಮರುದಿನ ಸಾವ್ಕಾರರು ಬೂದಿಯ ಮುಂದೆ ನಿಂತು, ಬೇರೆ ಶೆಡ್ಡಿನಲ್ಲಿದ್ದ ಯಂತ್ರದ ಕಡೆ ನೋಡಿ, "ಮಿಷಿನ್ನಿಗೆ ಏನೂ ಆಗಿಲ್ಲ, ಶಿವನ ದಯ," ಎಂದರು. ಅವರು ಕೆಟ್ಟವರಲ್ಲ, ಆಸ್ಪತ್ರೆಯ ಖರ್ಚೆಲ್ಲ ಅವರೇ ನೋಡಿಕೊಂಡರು. ಆದರೂ ಆ ಮಾತಿಗೆ ನನಗೆ ಅವರ ಮೇಲೆ ಹುಟ್ಟಿದ ಸಿಟ್ಟು ಇವತ್ತಿಗೂ ಹೋಗಿಲ್ಲ.

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದದ್ದು ಅದೇ ವರ್ಷ. ಜನ ಟೆಂಪೋ, ಟ್ರಾಕ್ಟರು ಮಾಡಿಕೊಂಡು ನೋಡಲು ಹೋದರು. ನಮ್ಮ ಓಣಿಯೇ ಖಾಲಿಯಾಗಿತ್ತು. ನಾನು ಚಿತ್ರದುರ್ಗದ ಆಸ್ಪತ್ರೆಯಲ್ಲಿ ದೊಡ್ಡಮ್ಮನ ಮುಖದ ಪಟ್ಟಿ ಬಿಚ್ಚುವುದನ್ನು ನೋಡುತ್ತಾ ನಿಂತಿದ್ದೆ. ಕಣ್ಣು ಉಳಿದಿದೆ, ಚರ್ಮವೂ ಕೂಡಿಕೊಳ್ಳುತ್ತದೆ, ಆ ಕೆನ್ನೆಗೆ ಇನ್ನು ಸ್ಪರ್ಶ, ಬಿಸಿ, ತಂಪು ಯಾವುದೂ ತಿಳಿಯುವುದಿಲ್ಲ ಎಂದರು ಡಾಕ್ಟರು. ದೊಡ್ಡಮ್ಮ ಬೆರಳಿನಿಂದ ತನ್ನ ಕೆನ್ನೆಯನ್ನು ಒಂದು ಸಲ ಮುಟ್ಟಿ ನೋಡಿಕೊಂಡು ಕೈ ಕೆಳಗಿಳಿಸಿದಳು.

ಯಂತ್ರ ಈಗಲೂ ಓಡುತ್ತಿದೆ. ಇಂಜಿನಿಯರು ಮತ್ತೆ ಬಂದು ಎಲ್ಲ ಸರಿಮಾಡಿದ. ಒಂದೊಂದೇ ರಟ್ಟು ಹೋಗುತ್ತದೆ, ಚೌಕಟ್ಟುಗಳಲ್ಲಿ ನಿಂತು ಆರುತ್ತದೆ, ಒಳಗಿನ ಬಿಸಿ, ನೀರು ಎರಡನ್ನೂ ಅಳೆಯುವ ಮೀಟರು ಇದೆ. ಕಣದಲ್ಲಿ ಮುಕ್ಕಾಲು ಒಣಗಿದ್ದನ್ನು ಮಾತ್ರ ಅದಕ್ಕೆ ಕೊಡುತ್ತೇವೆ. ಈಗ ಲೆಕ್ಕ ಕೂಡುತ್ತದೆ, ಆ ಹುಡುಗ ಮೊದಲ ದಿನ ನನ್ನ ಮೇಜಿನ ಮುಂದೆ ಹೇಳಿದ ಹಾಗೆಯೇ. ಕಣದ ಹೆಂಗಸರಲ್ಲಿ ಯಾರ ಕೆಲಸವೂ ಹೋಗಲಿಲ್ಲ, ದೊಡ್ಡಮ್ಮನದು ಬಿಟ್ಟು. ಆಷಾಢ ಬಂದರೆ ಹೊಸದಾಗಿ ಸೇರಿದವರು ಬುತ್ತಿ ಹಿಡಿದು ಬಣವೆಗೆ ಒರಗಲು ಹೋಗುತ್ತಾರೆ. ನಾನು ಬೈದು ಎಬ್ಬಿಸುತ್ತೇನೆ. ತಣ್ಣಗೇ ಐತಲ್ಲಕ್ಕ ಎನ್ನುತ್ತಾರೆ. ತಣ್ಣಗಿದೆ ಎಂದಾಗಲೇ ನನಗೆ ಹೆಚ್ಚು ದಿಗಿಲು.

ಹೋದ ವಾರ ಸಾವ್ಕಾರರು ನನ್ನನ್ನು ಕರೆದರು. ಕಿಟಕಿಯಿಂದ ಕಣದ ಕಡೆ ನೋಡುತ್ತಾ ನಿಂತಿದ್ದರು.

"ಹೈವೇ ಮಗ್ಗುಲ ಜಾಗ ಕಣಮ್ಮ ಇದು. ಹೋಟ್ಲಿಗೆ ಕೇಳ್ತಾ ಅವ್ರೆ. ಇನ್ನೊಂದು ಮಿಷಿನ್ ತಗಂಡು ಕಣ ಬಿಟ್ರೆ ಹೆಂಗೆ, ಲೆಕ್ಕ ಹಾಕಿ ಕೊಡು."

ಹಾಕುತ್ತಿದ್ದೇನೆ. ಕರೆಂಟಿನ ಕಲಂ ತುಂಬಿದೆ, ಟ್ಯೂಬಿನದು ತುಂಬಿದೆ, ಜಾಗದ ಬೆಲೆಯದು ತುಂಬಿದೆ. ಬಿಸಿಲಿಗೆ ಮಾತ್ರ ಬೆಲೆಯಿಲ್ಲ, ಹಾಗಾಗಿ ಅದನ್ನು ಬಿಟ್ಟುಕೊಟ್ಟರೆ ಎಷ್ಟು ನಷ್ಟ ಎಂದು ತೋರಿಸಲು ನನ್ನ ಹತ್ತಿರ ಅಂಕಿಯಿಲ್ಲ. ಸಾವ್ಕಾರರು ಎರಡು ಸಲ ಕೇಳಿಯಾಯಿತು. ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವಳು ಜಗಲಿಯ ಮೇಲೆ ಗೋಡೆಗೊರಗಿ, ಕಣ್ಣು ಮುಚ್ಚಿ, ಬಲಗೆನ್ನೆಯನ್ನು ಮೂಡಣಕ್ಕೆ ಕೊಟ್ಟು ಕೂತಿದ್ದಳು. ರಾತ್ರಿಯ ಮೋಡವೆಲ್ಲ ಚದುರಿತ್ತು. ಎಳೆಬಿಸಿಲು ನೇರವಾಗಿ ಬಂದು ಅವಳ ಕೆನ್ನೆಯ ಸುಟ್ಟ ಕಲೆಯ ಮೇಲೆ ಬಿದ್ದು ಹೊಳೆಯುತ್ತಿತ್ತು.

"ಹೊಂಟ್ಯೇನೇ? ಬಿಸ್ಲು ಬಂತಾ? ಕಣದಾಗೆ ಹರವಾಕೆ ಹೇಳು."

"ಬಂದೈತೆ ದೊಡ್ಡಮ್ಮ. ಚೆನ್ನಾಗಿ ಬಂದೈತೆ."

ಅವಳು ಕಣ್ಣು ತೆರೆಯಲಿಲ್ಲ. ಮುಖವನ್ನು ಇನ್ನಷ್ಟು ಮುಂದಕ್ಕೆ ಚಾಚಿ, ಹಿಂದೆ ರಟ್ಟು ನೋಡುವಾಗ ತಡೆಯುತ್ತಿದ್ದಷ್ಟೇ ಹೊತ್ತು ತಡೆದಳು.

"ಸುಳ್ಳು ಹೇಳ್ತೀಯ," ಎಂದಳು. "ಎಲ್ಲಿ ಬಂದೈತೆ?"